ಹತ್ತು ಸೆಕೆಂಡಿನ ವರ್ಗಾವಣೆ

ಕೋಲ್ಕತ್ತಾದ ಕಸ್ಬಾದಲ್ಲಿರುವ ಒಂದು ಬ್ಯಾಂಕಿನ ವಲಯ ಕಚೇರಿಯಲ್ಲಿ, ಸಿಬ್ಬಂದಿ ವಿಭಾಗದ ಕಂಪ್ಯೂಟರಿಗೆ, ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನು ತೆಗೆಯದೆ ಅದರ ಪಕ್ಕದಲ್ಲೇ ಹೊಸದೊಂದನ್ನು ವಿಧ್ಯುಕ್ತವಾಗಿ ಹಾಕಲಾಯಿತು. ಡಿಸ್ಕನ್ನು ಎರಡು ಪಾಲು ಮಾಡಿ, ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಮಿಷ್ಟಿ ದೋಯಿ ಎಂಬ ಬಂಗಾಳಿ ಸಿಹಿಮೊಸರು ಹಂಚಲಾಯಿತು.

ಅಂದಿನಿಂದ ಯಂತ್ರ ಶುರುವಾದ ಕೂಡಲೇ ಪರದೆಯ ಮೇಲೆ ಎರಡೂ ಹೆಸರು ತೋರಿಸಿ ಯಾವುದು ಬೇಕೆಂದು ಕೇಳುತ್ತಿತ್ತು. ಹತ್ತು ಸೆಕೆಂಡಿನೊಳಗೆ ಯಾರೂ ಏನೂ ಒತ್ತದಿದ್ದರೆ ಹಳೆಯದನ್ನೇ ತೆರೆಯುತ್ತಿತ್ತು. ಇದರ ಬಗ್ಗೆ ಸುತ್ತೋಲೆ ಹೊರಟಿತು: “ಆಯ್ಕೆಯೂ ಒಂದು ನಿರ್ಣಯವಾದ್ದರಿಂದ ಪ್ರತಿಸಲವೂ ವ್ಯವಸ್ಥಾಪಕರ ಲಿಖಿತ ಮಂಜೂರಾತಿ ಪಡೆಯತಕ್ಕದ್ದು. ಪ್ರಶ್ನೆ ಪರದೆಯ ಮೇಲೆ ಮೂಡುವ ಮೊದಲೇ ಉತ್ತರವನ್ನು ಮಂಜೂರು ಮಾಡಲಾಗದು.”

ಗುಮಾಸ್ತ ಚಂದ್ರಹಾಸರಿಗೆ ಹೊಸದೇ ಬೇಕಿತ್ತು. ಹೆಂಡತಿ ಆಶಾಲತಾ ಮಗಳು ಅನ್ವಿತಾಳನ್ನು ಕರೆದುಕೊಂಡು ಹೋಗಿ ಕುಂದಾಪುರದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಲೇಕ್ ಗಾರ್ಡನ್ಸ್‌ನ ಮನೆಯಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು ಅವರಿಗೆ ಸಾಕುಸಾಕಾಗಿತ್ತು. ವರ್ಗಾವಣೆಯ ಅರ್ಜಿ ತುಂಬಲು ಬರುತ್ತಿದ್ದುದು ಹೊಸ ಸಿಸ್ಟಮ್ಮಿನಲ್ಲಿ ಮಾತ್ರ.

ದಿನವೂ ಪ್ರಶ್ನೆ ಮೂಡಿದೊಡನೆ ಅವರು ಚೀಟಿ ಹಿಡಿದು ಮೂರನೆಯ ಮಹಡಿಗೆ ಓಡುತ್ತಿದ್ದರು. ವ್ಯವಸ್ಥಾಪಕ ಸುಬ್ರಹ್ಮಣ್ಯ ಮೈಸೂರಿನವರು, ಸಜ್ಜನರು. ಕನ್ನಡಕ ಹುಡುಕಿ, ಓದಿ, ಸಹಿ ಹಾಕಿ ಕೊಡುತ್ತಿದ್ದರು. ಚಂದ್ರಹಾಸರ ಅತ್ಯುತ್ತಮ ಸಾಧನೆ ನಾಲ್ಕು ನಿಮಿಷ. ಕೆಳಗೆ ಬಂದರೆ ಹಳೆಯದು ತೆರೆದು ಕೂತಿರುತ್ತಿತ್ತು.

ಹತ್ತು ಸೆಕೆಂಡನ್ನು ಹತ್ತು ನಿಮಿಷ ಮಾಡಬಹುದೇ ಎಂದು ವಿಚಾರಿಸಿದರು. ಮಾಡಬಹುದಿತ್ತು, ಆದರೆ ಹೊಸದರ ಒಳಗೆ ಹೋಗಿಯೇ ಮಾಡಬೇಕಿತ್ತು.

“ಸರ್, ನಾನೇ ಒಂದು ಗುಂಡಿ ಒತ್ತಿಬಿಟ್ಟರೆ?” ಎಂದು ಒಮ್ಮೆ ಕೇಳಿದರು.

“ಒತ್ತೋದೇನು ದೊಡ್ಡ ವಿಷಯ ಅಲ್ಲ ಕಣ್ರೀ. ಯಾರು ಹೇಳಿ ಒತ್ತಿದ್ರಿ ಅಂತ ಆಡಿಟ್‌ನವ್ರು ಕೇಳ್ತಾರಲ್ಲ,” ಎಂದರು ಸುಬ್ರಹ್ಮಣ್ಯ, ನಿಜವಾದ ಮರುಕದಿಂದ.

ಹನ್ನೊಂದು ತಿಂಗಳಲ್ಲಿ ಹೊಸ ಸಿಸ್ಟಮ್ಮನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಅದರ ಬಗ್ಗೆ ಒಂದೇ ಒಂದು ದೂರು ಬಂದಿಲ್ಲವೆಂದು ಕಚೇರಿ ವರದಿ ಕಳಿಸಿತು. ಅದೇ ಲಕೋಟೆಯಲ್ಲಿ ಚಂದ್ರಹಾಸರು ಕಾಗದದ ಮೇಲೆ ಬರೆದ ತಮ್ಮ ಅರ್ಜಿಯನ್ನೂ ಸೇರಿಸಿದರು.

ಕೇಂದ್ರ ಕಚೇರಿಗೆ ಎರಡೂ ಹಿಡಿಸಿದವು. ಆದೇಶ ಬಂತು: “ಶ್ರೀ ಚಂದ್ರಹಾಸರ ಈಗಿನ ಹುದ್ದೆಯನ್ನು ತೆಗೆಯದೆ, ಅದರ ಪಕ್ಕದಲ್ಲೇ ಕುಂದಾಪುರದ ಹುದ್ದೆಯನ್ನೂ ಸ್ಥಾಪಿಸಲಾಗಿದೆ. ದಿನವೂ ಹತ್ತು ಗಂಟೆಗೆ ಅವರು ಒಂದನ್ನು ಆರಿಸಿಕೊಳ್ಳಬಹುದು. ಹತ್ತು ಸೆಕೆಂಡಿನೊಳಗೆ ಲಿಖಿತ ಮಂಜೂರಾತಿ ದೊರೆಯದಿದ್ದರೆ ಕಸ್ಬಾ ಎಂದೇ ಭಾವಿಸತಕ್ಕದ್ದು.”

ಸಹೋದ್ಯೋಗಿಗಳು ಕೈ ಕುಲುಕಿದರು. ಮತ್ತೊಮ್ಮೆ ಮಿಷ್ಟಿ ದೋಯಿ ಬಂತು. ಸಂಜೆ ಅನ್ವಿತಾ ಫೋನು ಮಾಡಿದಳು. “ಅಪ್ಪಯ್ಯ, ಇಲ್ಲಿ ಬ್ಯಾಂಕಲ್ ನಿಮ್ ಕುರ್ಚಿ ಬಂತ್. ನೀವ್ ಯಾವಾಗ ಬಪ್ಪುದ್?”

ಚಂದ್ರಹಾಸರು, ನಾಳೆ ಹತ್ತು ಗಂಟೆಗೆ ನೋಡೋಣ ಎಂದರು.

ಈಗಲೂ ದಿನವೂ ಹತ್ತಕ್ಕೆ ಅವರು ಚೀಟಿ ಹಿಡಿದು ಮೂರನೆಯ ಮಹಡಿಗೆ ಓಡುತ್ತಾರೆ. ಕುಂದಾಪುರದಲ್ಲಿ ಅವರ ಕುರ್ಚಿಯನ್ನು ದಿನವೂ ಒರೆಸಿಡುತ್ತಾರೆ. ಅಲ್ಲಿ ಅವರ ಕೆಲಸದ ಬಗ್ಗೆ ಈವರೆಗೆ ಒಂದೇ ಒಂದು ದೂರು ಬಂದಿಲ್ಲ.