ರೂಟರಿನ ಜನರಲ್ ವಾರ್ಡು

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಯಾರ ಹತ್ರಾನೂ ಫೈಲು ಬೇಡೋ ಹಾಗಿಲ್ಲ!" ಎಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಘೋಷಿಸಿದೆ.

ಕುಟ್ಟಿದ ರಭಸಕ್ಕೆ ಚೆಲ್ಲಿದ ಕಾಫಿಯನ್ನು ಅತ್ತೆ ಆ ಕ್ಷಣವೇ ಒರೆಸಿದರು. ಅವರಿರುವ ಕಡೆ ಯಾವ ಕಲೆಗೂ ಆಯುಸ್ಸಿಲ್ಲ. ನನ್ನ ಹೆಂಡತಿಯ ತಾಯಿಯಾದ ಇವರು ದೊಡ್ಡ ಆಸ್ಪತ್ರೆಯೊಂದರ ಜನರಲ್ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ನಿವೃತ್ತಿ ಆಸ್ಪತ್ರೆಯಿಂದ ಮಾತ್ರ. ನಮ್ಮ ಮನೆಯಲ್ಲಿ ಅವರ ಡ್ಯೂಟಿ ಇನ್ನೂ ನಡೆದೇ ಇದೆ.

"ರೀ, ಇವತ್ತೊಂದು ದಿನ ಸುಮ್ಮನಿರಿ," ಎಂದಳು ಹೆಂಡತಿ. "ಮಧ್ಯಾಹ್ನ ಮೂರಕ್ಕೆ ಡಾಕ್ಟರು ವಿಡಿಯೋ ಕಾಲ್ ಮಾಡ್ತಾರೆ."

ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ಅವರ ಹೊಸ ಕ್ಲಿನಿಕ್ಕಿನ ಒಳಾಂಗಣ ವಿನ್ಯಾಸವೇ ಹೆಂಡತಿ ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಆ ಮಹಾನುಭಾವರೋ, ಕುರ್ಚಿ ಎಡಕ್ಕಿಟ್ಟರೆ ಬಲಕ್ಕೆ ಎನ್ನುವರು, ಬಲಕ್ಕಿಟ್ಟರೆ ಕಿಟಕಿಯನ್ನೇ ಸರಿಸಲಾಗದೇ ಎನ್ನುವರು! ಇವತ್ತೂ ಮನಸ್ಸಿಗೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿಬಿಟ್ಟಿದ್ದರು. ಈ ಕೆಲಸ ಕೈತಪ್ಪಿದರೆ ಹಳೆಯ ಕಂಪನಿಯ ಬಾಗಿಲು ತಟ್ಟಬೇಕು. ಅದು ನೆನಪಾದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು.

"ಅದಕ್ಕೇ ಕಣೇ ಹೇಳ್ತಿರೋದು! ನಿನ್ನ ಲ್ಯಾಪ್‌ಟಾಪು ಏದುಸಿರು ಬಿಡ್ತಿದೆ. ಒಂದು ಹಾರ್ಡ್ ಡಿಸ್ಕ್ ತಗೊಂಡು ರೂಟರಿಗೆ ಚುಚ್ಚಿ, ಫೈಲೆಲ್ಲ ಅದರೊಳಗಿಟ್ರೆ ಆಯ್ತು. ಯಾವ ರೂಮಲ್ಲಿ ಕೂತು ಬೇಕಾದ್ರೂ ತೆಗೀಬಹುದು."

"ರೂಟರ್ ಇರೋದು ಇಂಟರ್ನೆಟ್ಟಿಗಲ್ವಾ?"

"ಪಾಮರರಿಗೆ!"

ನನ್ನ ಯೋಗ್ಯತೆಯ ಬಗ್ಗೆ ನಿಮಗೂ ಸಂಶಯ ಬೇಡ. ನಮ್ಮ ವಿಮಾ ಕಚೇರಿಯಲ್ಲಿ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಹೊರಗೆಳೆಯಬಲ್ಲ ಏಕೈಕ ವ್ಯಕ್ತಿ ನಾನು. ಅಂಥವನನ್ನು ಹೆಂಡತಿ ಕಣ್ಣಲ್ಲೇ ಅಳೆದು, "ನಾನು ಟೈಲ್ಸ್ ಸ್ಯಾಂಪಲ್ ತರೋಕೆ ಅಂಗಡಿಗೆ ಹೋಗ್ತಿದೀನಿ. ನನ್ನ ಲ್ಯಾಪ್‌ಟಾಪ್ ತಂಟೆಗೆ ಹೋಗಬೇಡಿ," ಎಂದು ಹೊರಟಳು. ಮಾತು ಕಿವಿಗೇನೋ ಬಿತ್ತು. ಆದರೆ ಕೈಗಳಿಗೆ ಕಿವಿ ಇಲ್ಲವಲ್ಲ!

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ನನ್ನ ಹುಟ್ಟುಗುಣ. ನಡುಮನೆಯ ಶೆಲ್ಫಿನಲ್ಲಿ ಧೂಳು ಹೊದ್ದು ಮಲಗಿದ್ದ ರೂಟರಿನ ಬೆನ್ನಿಗೆ ಹಾರ್ಡ್ ಡಿಸ್ಕ್ ಚುಚ್ಚಿದೆ. ರೂಟರಿನ ಸೆಟ್ಟಿಂಗ್ ಪುಟ ತೆರೆದು ಹಂಚಿಕೆಯ ಗುಂಡಿ ಒತ್ತಿದೆ. ಅದು ಕೇಳಿತು: ಯಾರಿಗೆಲ್ಲ ಪ್ರವೇಶ? ಬರೀ ನೋಡುವುದಕ್ಕೋ, ತಿದ್ದುವುದಕ್ಕೂ ಅಳಿಸುವುದಕ್ಕೂ ಅನುಮತಿಯೋ? ಮನೆಯವರ ನಡುವೆ ಬೀಗವೆಂಥದು! ಊರಿಗೆ ಊರನ್ನೇ ಉಂಬಳಿ ಕೊಡುವ ಅರಸನ ಗತ್ತಿನಲ್ಲಿ ಎಲ್ಲರಿಗೂ ಎಲ್ಲವನ್ನೂ ದಯಪಾಲಿಸಿದೆ.

ರೂಟರು ತನ್ನಷ್ಟಕ್ಕೆ ತಾನೇ ಆರಿ ಮತ್ತೆ ಹೊತ್ತಿಕೊಂಡಿತು. ಅದರ ದೀಪ ಕೆಂಪಿನಿಂದ ಹಸಿರಾಗುವವರೆಗೆ ನಾನು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದೆ. ಹಸಿರಾಯಿತು! ಮರುಕ್ಷಣವೇ ಮನೆಯ ಫೋಟೋಗಳ ಜೊತೆ ಹೆಂಡತಿಯ ಕ್ಲಿನಿಕ್ ಫೈಲುಗಳನ್ನೂ ಅದಕ್ಕೆ ಸಾಗಿಸಿದೆ. ಕಾಪಿ ಮಾಡುವವರು ಹೇಡಿಗಳು. ನಾನು ಕಟ್ ಮಾಡಿದೆ.

ಸಾಧನೆಯನ್ನು ಯಾರಿಗಾದರೂ ತೋರಿಸದಿದ್ದರೆ ತಿಂದ ಅನ್ನ ಅರಗುವುದೇ? ಅತ್ತೆಯ ಟ್ಯಾಬ್ ಇಸಿದುಕೊಂಡು ತೆರೆದು ತೋರಿಸಿದೆ.

"ನೋಡಿ ಅತ್ತೆ, ಮನೆಯ ಫೈಲು, ಫೋಟೋ ಎಲ್ಲ ಇನ್ನು ನಿಮ್ಮ ಕೈಯಲ್ಲೇ."

"ಇದೇನು ಅಳಿಯಂದಿರೇ, ಕಸದ ಬುಟ್ಟಿ ಚಿತ್ರ?"

"ಬೇಡದ್ದನ್ನೆಲ್ಲ ಇದಕ್ಕೆ ಹಾಕೋದು. ಒಂದು ಸಲ ಒತ್ತಿದ್ರೆ ಸಾಕು."

ಅತ್ತೆಯ ಕಣ್ಣುಗಳು ಹೊಳೆದವು. ಅಳಿಯನ ಮೇಲಿನ ಮೆಚ್ಚುಗೆಯೆಂದು ತಿಳಿದು ನಾನು ಶಿಳ್ಳೆ ಹೊಡೆಯುತ್ತ ಸ್ನಾನಕ್ಕೆ ಹೋದೆ.

ಹೆಂಡತಿ ಅಂಗಡಿಯಿಂದ ಬಂದು, ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದಾಗ ಎರಡು ಗಂಟೆ ದಾಟಿತ್ತು.

"ರೀ! ನನ್ನ ಡ್ರಾಯಿಂಗ್ ಎಲ್ಲಿ?"

"ಗಾಬರಿಯಾಗಬೇಡ. ರೂಟರಿಗೆ ವರ್ಗ ಆಗಿವೆ," ಎಂದು ಫೋಲ್ಡರ್ ತೆರೆದು ತೋರಿಸಿದೆ. ಅದರೊಳಗೆ 'ಫೈನಲ್' ಎಂಬ ಒಂದೇ ಒಂದು ಫೈಲು ಒಂಟಿ ಪಿಶಾಚಿಯಂತೆ ಕೂತಿತ್ತು.

"ಉಳಿದವು?"

"ಉಳಿದವು ಅಂದ್ರೆ?"

"'ಫೈನಲ್ ಹೊಸದು', 'ಫೈನಲ್ ತಿದ್ದಿದ್ದು', 'ಇದೇ ಫೈನಲ್', 'ದೇವರಾಣೆ ಇದೇ ಫೈನಲ್'! ಆ ಕೊನೇದನ್ನೇ ಕಣ್ರೀ ಇವತ್ತು ತೋರಿಸಬೇಕಾಗಿರೋದು!"

ಸೋಫಾದ ಮೇಲೆ ಟವೆಲ್ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಓ, ಅವರಾ? ಬೆಳಿಗ್ಗೆಯೇ ಡಿಸ್ಚಾರ್ಜ್ ಮಾಡಿದೆ."

"ಏನು ಮಾಡ್ದೆ?"

"ಒಂದೇ ಹೆಸರಿನವರು ಸಾಲಾಗಿ ಮಲಗಿದ್ರು ಕಣೇ. ಒಂದು ಬೆಡ್ಡಿಗೆ ಒಬ್ಬರೇ ಪೇಷೆಂಟು, ಅದು ರೂಲ್ಸು. ಮೊದಲು ಬಂದವರನ್ನ ಇಟ್ಕೊಂಡು ಉಳಿದವರನ್ನ ಕಳಿಸ್ದೆ. ಫೈನಲ್ ಅಂದ್ಮೇಲೆ ಫೈನಲ್. ಆಮೇಲಿಂದು ಇನ್ನೇನು?"

"ಎಲ್ಲಿಗೆ ಕಳಿಸ್ದೆ ಅಮ್ಮಾ?"

"ಅದು ಅಳಿಯಂದಿರಿಗೆ ಗೊತ್ತು. ಬುಟ್ಟಿ ತೋರಿಸಿದ್ದು ಅವರೇ."

ಲ್ಯಾಪ್‌ಟಾಪಿನ ಬುಟ್ಟಿ ನೋಡಿದೆ, ಖಾಲಿ. ಟ್ಯಾಬಿನ ಬುಟ್ಟಿ ನೋಡಿದೆ, ಅದೂ ಖಾಲಿ. ಕಚೇರಿಯ ಕಂಪ್ಯೂಟರ್ ವಿಭಾಗದ ಗೆಳೆಯನಿಗೆ ಫೋನ್ ಮಾಡಿದೆ.

"ರೂಟರ್ ಡಿಸ್ಕಿಂದ ಅಳಿಸಿದ್ದು ಬುಟ್ಟಿಗೆ ಬರಲ್ಲ ಗುರೂ, ನೇರ ಪರಲೋಕ! ಲ್ಯಾಪ್‌ಟಾಪಲ್ಲಿ ಮೂಲ ಇರುತ್ತಲ್ಲ ಬಿಡು. ಕಾಪಿ ತಾನೇ ಮಾಡಿದ್ದು?"

"ದನಿ ಸರಿಯಾಗಿ ಕೇಳಿಸ್ತಿಲ್ಲ ಕಣೋ," ಎಂದೆ.

"ಅಯ್ಯೋ, ಕಟ್ ಮಾಡ್ದೆಯಾ?"

ಆಮೇಲೆ ಕೇಳಿಸಿದ್ದು ಅವನ ನಗು, ಅದರ ಹಿಂದೆಯೇ ಕೆಮ್ಮು. ಕೆಮ್ಮು ನಿಂತ ಮೇಲೆ, "ಡಿಸ್ಕ್ ಕಿತ್ತಿಡು. ಏನಾದ್ರೂ ಉಳಿದಿದ್ರೆ ನಾಳೆ ನೋಡೋಣ," ಎಂದ. ಕೀಳಲು ಓಡಿದೆ. ಶೆಲ್ಫಿನ ಹಿಂದೆ ವೈರುಗಳು ಹೆಣೆದುಕೊಂಡಿದ್ದವು. ಒಂದನ್ನು ಎಳೆದರೆ ಇನ್ನೊಂದು ಬಂತು. ಇನ್ನೊಂದನ್ನು ಎಳೆದರೆ ರೂಟರೇ ಶೆಲ್ಫಿನಿಂದ ಜಿಗಿದು ನೆಲಕ್ಕೆ ಬಿದ್ದು ಕಣ್ಣು ಮುಚ್ಚಿತು. ಡಾಕ್ಟರ ಕಾಲ್ ಬರಲು ಹತ್ತು ನಿಮಿಷವಿತ್ತು. ಮನೆಯಲ್ಲಿ ಇಂಟರ್ನೆಟ್ಟೂ ಹೋಯಿತು!

ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ತಂದ ಟೈಲ್ಸ್ ತುಂಡುಗಳನ್ನು ಮೇಜಿನ ಮೇಲೆ ಸುಮ್ಮನೆ ಅತ್ತ ಇತ್ತ ಸರಿಸುತ್ತ ಕೂತಳು. ತಮಾಷೆಗೆ ಬರೆಯುತ್ತಿದ್ದೇನೆ ನಿಜ, ಆದರೆ ಆಗ ಭೂಮಿ ಬಾಯಿಬಿಟ್ಟಿದ್ದರೆ ಸಂತೋಷವಾಗಿ ಇಳಿದುಬಿಡುತ್ತಿದ್ದೆ.

"ಆ ಡಿಸ್ಕ್ ಇಲ್ಲಿ ಕೊಡಿ," ಎಂದಳು ಕೊನೆಗೆ. "ಇರೋ ಒಂದನ್ನೇ ತೋರಿಸ್ತೀನಿ. ನಿಮ್ಮ ಮೊಬೈಲಿಂದ ನೆಟ್ ಕೊಡಿ. ಕೊಟ್ಟು ದೂರ ಹೋಗಿ."

ದೂರವೆಂದರೆ ಬಾಗಿಲ ಹಿಂದೆ. ಅಲ್ಲಿ ಒಂದು ಕಾಲ ಮೇಲೆ ನಿಂತೆ, ಇನ್ನೊಂದು ಕಾಲಿಗೆ ಬದಲಾಯಿಸಿದೆ, ಉಗುರು ಕಚ್ಚಿದೆ. ಮೊದಲ 'ಫೈನಲ್' ಅನ್ನು ಡಾಕ್ಟರು ಹಿಂದೆಯೇ ನೋಡಿ "ಛೆ ಛೆ" ಎಂದಿದ್ದರು. ಅದನ್ನೇ ಮತ್ತೆ ಬಡಿಸುವುದೆಂದರೆ ಹಳಸಿದ್ದನ್ನು ಬಿಸಿ ಮಾಡಿ ತಂದಂತೆ. ಕಾಲ್ ಬಂತು, ಹೆಂಡತಿ ಡ್ರಾಯಿಂಗನ್ನು ಪರದೆಗೆ ತಂದಳು.

"ಮೇಡಂ," ಎಂದಿತು ಕೊನೆಗೂ ಡಾಕ್ಟರ ದನಿ, "ಇಷ್ಟು ದಿನ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ?"

"ಸರ್, ಅದು..."

"ನಾನು ಮೊದಲಿಂದ ಬಡ್ಕೋತಿದ್ದದ್ದು ಇದನ್ನೇ ಅಲ್ವಾ! ನೀವು ಸುಮ್ಮನೆ ಕುರ್ಚಿ ಅಲ್ಲಿಗೆ ಇಲ್ಲಿಗೆ ತಿರುಗಿಸ್ತಾ ಇದ್ರಿ. ನಾಳೆಯಿಂದಲೇ ಕೆಲಸ ಶುರು ಮಾಡಿಸಿ."

ನಾನು ಬಾಗಿಲ ಹಿಂದಿನಿಂದ ಹಾರಿ ಬಂದೆ. ಹೆಂಡತಿ ಆಗಲೇ ಅತ್ತೆಯನ್ನು ತಬ್ಬಿಕೊಂಡು, ಅಳುತ್ತ ನಗುತ್ತ ನಿಂತಿದ್ದಳು.

"ಒಂದು ರೀತಿಯಲ್ಲಿ ನೋಡಿದ್ರೆ," ಎಂದೆ ಗಂಟಲು ಸರಿಮಾಡಿಕೊಂಡು, "ಇದಕ್ಕೆಲ್ಲ ಮೂಲ ಕಾರಣ ನಾನೇ."

"ಎಲ್ಲ ರೀತಿಯಲ್ಲಿ ನೋಡಿದ್ರೂ ನೀವೇ," ಎಂದಳು ಹೆಂಡತಿ. ಅವಳ ನಗು ಮಾತ್ರ ಅಮ್ಮನ ಕಡೆಗೇ ಇತ್ತು.

ಮರುದಿನ ಸಂಜೆ ಕಚೇರಿಯಿಂದ ಬರುವಷ್ಟರಲ್ಲಿ ರೂಟರು ಶೆಲ್ಫಿನ ಮೇಲೆ ಧೂಳಿಲ್ಲದೆ ಮಿರಮಿರ ಮಿಂಚುತ್ತಿತ್ತು. ಹೆಂಡತಿಯೇ ಎಲ್ಲವನ್ನೂ ಹೊಸದಾಗಿ ಜೋಡಿಸಿದ್ದಳು. ಖುಷಿಯಾಗಿ ನನ್ನ ಹಳೆಯ ಫೋಟೋ ಒಂದನ್ನು ತೆಗೆಯಲು ಹೋದೆ. ಪಾಸ್‌ವರ್ಡ್ ಕೇಳಿತು. ವೈಫೈನದನ್ನೇ ಹೊಡೆದೆ, ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೂ ತಪ್ಪು!

"ಪಾಸ್‌ವರ್ಡ್ ಏನೇ?"

"ನನ್ನ ಕೇಳಬೇಡಿ. ವಾರ್ಡು ಅಮ್ಮಂದು."

ಅತ್ತೆಯ ಬಳಿ ಹೋಗಿ ಕೈಕಟ್ಟಿ ನಿಂತೆ. "ಅತ್ತೆ, ನನ್ನದೊಂದು ಫೋಟೋ ಒಳಗಿದೆ. ಸ್ವಲ್ಪ..."

ಅತ್ತೆ ಕನ್ನಡಕದ ಮೇಲಿಂದ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಭೇಟಿ ಸಮಯ ಮುಗೀತು ಅಳಿಯಂದಿರೇ. ನಾಳೆ ಸಂಜೆ ಐದಕ್ಕೆ ಬಂದು ಹೊರಗಡೆ ಕಾಯ್ತಾ ಇರಿ, ಕರೀತೀನಿ."