ನೀರು ತುಂಬಿಕೊಂಡ ಬೇಲಿಯ ಕುರಿತು

ತಿತಿಮತಿ, ಜುಲೈ ೧೯೫೮

ಮನೆಯಂಗಳದ ಈಜುಕೊಳಗಳಿಗೆ ಪರವಾನಗಿ ಕೊಡುವ, ಕೊಡದಿರುವ ಮತ್ತು ಕೊಡುವ ಬಗ್ಗೆ ಯೋಚಿಸುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಡತಗಳಿಗೆ ದೀರ್ಘಾಯುಷ್ಯವನ್ನು ಹಾರೈಸಿ (ಅವಕ್ಕೆ ಅದು ಈಗಾಗಲೇ ಉಂಟು), ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ಮಾರ್ಚಿನಲ್ಲಿ, ಸ್ವಸ್ಥಚಿತ್ತನಾಗಿದ್ದೂ, ಬಂಗಲೆಯ ಹಿಂದೆ ಮೂವತ್ತು ಅಡಿ ಉದ್ದದ ಗುಂಡಿ ತೋಡಿಸಿ, ಸಿಮೆಂಟು ಬಳಿಸಿ, ಪರವಾನಗಿ ಇಲ್ಲದ ನೀರನ್ನು ಅದರಲ್ಲಿ ನಿಲ್ಲಿಸಿದೆ. ಕೋವಿ ಇಟ್ಟುಕೊಳ್ಳಲು ಲೈಸೆನ್ಸು ಬೇಡದ ಕೊಡವ ಮನೆತನದಲ್ಲಿ ಹುಟ್ಟಿದವನಿಗೆ ನೀರು ಇಟ್ಟುಕೊಳ್ಳಲು ಲೈಸೆನ್ಸು ಬೇಕೆಂಬುದು, ಹೊಳೆಯ ಪಕ್ಕದಲ್ಲೇ ಇದ್ದರೂ, ಹೊಳೆಯಲಿಲ್ಲ.

ಕೊಳ ತೋಡಿಸಿದ್ದು ಮಗಳು ಯಮುನಳಿಗಾಗಿ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ನಡೆಯುವ ಶಾಲಾ ಮಕ್ಕಳ ಈಜು ಸ್ಪರ್ಧೆಗೆ ಅವಳು ಹೆಸರು ಕೊಟ್ಟಿದ್ದಾಳೆ. ಗುರು ನಾನೇ. ಲಕ್ಷ್ಮಣತೀರ್ಥ ಹೊಳೆಯ ನೆರೆಯಲ್ಲಿ ಆಚೆ ದಡಕ್ಕೆ ಹೋಗಿ, ಎಲೆಯಡಿಕೆ ಮೆದ್ದು, ಮರಳಿ ಬಂದವನೆಂದು ಈ ಸುತ್ತಿನಲ್ಲಿ ನನಗೊಂದು ಹೆಸರಿದೆ. ಇಂಥ ತಂದೆಯ ಕೊಳಕ್ಕೂ ಕಾವಲು ಬೇಕೆಂದು ಕಂಡುಕೊಂಡ ತಮ್ಮ ದೂರದೃಷ್ಟಿ ದೊಡ್ಡದು.

ತಮ್ಮ ಏಪ್ರಿಲ್ ತಿಂಗಳ ನೋಟೀಸಿನಲ್ಲಿ, ಮನೆಗೂ ನೀರಿಗೂ ನಡುವೆ ನಾಲ್ಕು ಅಡಿಯ ತಡೆ ಇರತಕ್ಕದ್ದು ಎಂದಿತ್ತು; ಮೇಲಕ್ಕೋ ಕೆಳಕ್ಕೋ ಎಂದಿರಲಿಲ್ಲ. ಆನೆಗಳ ನೆರೆಹೊರೆಯಲ್ಲಿ ಬಾಳುವ ನಮಗೆ ತಡೆಯೆಂದರೆ ಕಂದಕ. ಆದ್ದರಿಂದ ಕೊಳದ ಸುತ್ತ ನಾಲ್ಕು ಅಡಿ ಆಳದ ಕಂದಕ ತೆಗೆಸಿ, ದಾಟಲು ಹಲಗೆಯೊಂದನ್ನು ಹಾಸಿದೆ. ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟರಾಜು ಮಾತ್ರ ತಲೆ ಕೆರೆದುಕೊಂಡು, "ಸಾಮಿ, ಅವ್ರು ಬೇಲಿ ಕೇಳವ್ರೆ, ನೀವು ಇನ್ನೊಂದ್ ಗುಂಡಿ ತೋರಿಸ್ತಾ ಇದೀರಲ್ಲ" ಎಂದ. ಬಯಲುಸೀಮೆಯಿಂದ ಬಂದವನಿಗೆ ಕಂದಕದ ಮಹಿಮೆ ಏನು ಗೊತ್ತೆಂದು ನಕ್ಕುಬಿಟ್ಟೆ.

ಜೂನಿನ ಮಳೆ ಪುಟ್ಟರಾಜುವಿನ ಪಕ್ಷ ವಹಿಸಿತು. ಬೇಲಿ ಎದ್ದು ಹೊಲ ಮೇಯ್ದದ್ದನ್ನು ಹಿರಿಯರು ಕಂಡಿದ್ದರು; ಬೇಲಿಯೇ ತುಂಬಿ ಕೊಳವಾದದ್ದನ್ನು ನಾನು ಕಂಡೆ. ಅಷ್ಟರಲ್ಲಿ ಕೊಡೆ ಹಿಡಿದು ಬಂದ ತಮ್ಮ ಇನ್ಸ್‌ಪೆಕ್ಟರರು ಟೇಪು ಹಿಡಿದು ಅಳೆದು, ಎರಡನೆಯ ಕೊಳಕ್ಕೂ ಪರವಾನಗಿಯಿಲ್ಲ, ತಡೆಯಿಲ್ಲ, ಹದಿನೈದು ದಿನಗಳಲ್ಲಿ ಎರಡನ್ನೂ ಮಣ್ಣು ಹಾಕಿ ಮುಚ್ಚತಕ್ಕದ್ದು ಎಂದು ಬರೆದುಕೊಟ್ಟರು. ಒಂದು ಕೊಳ ತೋಡಿದವನಿಗೆ ಇನ್ನೊಂದನ್ನು ದಯಪಾಲಿಸುವ ಇಂಥ ಉದಾರ ಕಚೇರಿ ಬೇರೆಲ್ಲಿದೆ?

ಆದರೆ ಕೊಳ ಮುಚ್ಚಿದರೆ ಯಮುನಳ ಅಭ್ಯಾಸವೂ ಮುಚ್ಚಿಹೋಗುತ್ತದೆ. ಮಳೆಗಾಲದ ಹೊಳೆಗೆ ಮಗುವನ್ನು ಇಳಿಸುವಂತಿಲ್ಲ. ಆದ್ದರಿಂದ ಕಂದಕಕ್ಕೊಂದು ಕಂದಕ, ಅದಕ್ಕೆ ಮತ್ತೊಂದು ಎಂದು ತೋಡುತ್ತ ಹೋಗಲು ಅಪ್ಪಣೆ ಕೊಡಬೇಕು. ಹೀಗೇ ಹೋದರೆ ಬರುವ ವರ್ಷ ತಮ್ಮ ಕಚೇರಿಯ ಮೆಟ್ಟಿಲು ಮುಟ್ಟುತ್ತೇನೆ. ದೋಣಿಯ ಪರವಾನಗಿಯೊಂದನ್ನು ಸಿದ್ಧವಿಟ್ಟಿರಿ. ಅದು ಕಷ್ಟವೆನಿಸಿದರೆ ಮುಂಗಾರಿಗೇ ನೋಟೀಸು ಜಾರಿ ಮಾಡಿ. ಅದು ಪ್ರತಿವರ್ಷವೂ ಅರ್ಜಿ ಹಾಕದೆ ಬರುತ್ತಿದೆ.

ಎರಡು ಕೊಳಗಳ ನಡುವೆ ಸಿಕ್ಕಿಕೊಂಡಿರುವ,
ತಮ್ಮ ವಿಶ್ವಾಸಿ,
ಮೊಣ್ಣಪ್ಪ

ವಿ.ಸೂ.: ಕಂದಕ ಮುಚ್ಚಿಸಿ, ಆ ಜಾಗದಲ್ಲಿ ನಾಲ್ಕು ಅಡಿ ಎತ್ತರದ ಬೇಲಿ ಹಾಕಿಸಲು ನಿನ್ನೆಯೇ ಆಳು ಹಚ್ಚಿದ್ದೇನೆ; ಕೊಳವೊಂದನ್ನು ಉಳಿಸಿಕೊಡಿ. ಇದು ತಮ್ಮ ನೋಟೀಸಿನ ಪ್ರಭಾವವೆಂದು ಬೀಗಬೇಡಿ. ಮೊನ್ನೆ ಹಲಗೆಯಿಂದ ಜಾರಿ ಕಂದಕಕ್ಕೆ ಬಿದ್ದೆ. ಲಕ್ಷ್ಮಣತೀರ್ಥವನ್ನು ನಾನು ದಾಟಿದ್ದು ನಿಜ. ದೋಣಿಯಲ್ಲಿ, ಕಣ್ಣು ಮುಚ್ಚಿಕೊಂಡು. ಈಜು ಕಲಿಸುತ್ತಿದ್ದುದು ದಡದಲ್ಲಿ ಕುರ್ಚಿ ಹಾಕಿ, ಪುಸ್ತಕದ ಚಿತ್ರ ನೋಡಿಕೊಂಡು. ಮುಳುಗಿದೆನೆಂದು ಬೊಬ್ಬೆ ಹಾಕುತ್ತಿದ್ದವನ ಕಾಲರು ಹಿಡಿದು ಯಮುನ ಹೇಳಿದಳು: "ಅಪ್ಪಾ, ಎಂತಕ್ಕೆ ಕಿರುಚುದು? ಕಾಲೂರಿ ನಿಲ್ಲಿ, ಸೊಂಟದವರೆಗೆ ಮಾತ್ರ ಉಂಟು ನೀರು." ಗೇಟಿನ ಅಗಳಿ ಮಕ್ಕಳ ಕೈಗೆ ಎಟುಕಬಾರದೆಂಬ ತಮ್ಮ ನಿಯಮವನ್ನು ನನ್ನ ಮನೆಯ ಮಟ್ಟಿಗೆ ತಿದ್ದಿಕೊಡಿ: ಮಗಳಿಗೆ ಎಟುಕಲಿ, ಅಪ್ಪನಿಗೆ ಬೇಡ.