ಸರ್ಕಾರದ ಡ್ರೋನೂ ಚಿಕ್ಕಮ್ಮನ ಬಚ್ಚಲೂ

ನಾನು ಬಾಲ್ಯದಲ್ಲಿ ಕೇಳಿದ ಪ್ರಕಾರ, ಬ್ರಿಟಿಷರ ಕಾಲದಲ್ಲಿ ಭೂಮಿ ಅಳೆಯಲು ಸರಪಳಿ ಹಿಡಿದು ಬಂದ ದೊರೆಯೊಬ್ಬನನ್ನು ನನ್ನ ತಾಯಿಯ ಮುತ್ತಾತ ಬರಿಗೈಯಲ್ಲಿ ಹಿಮ್ಮೆಟ್ಟಿಸಿದ್ದರು. ಅವರು ಸರಪಳಿಗೆ ಅಡ್ಡಲಾಗಿ ಮಲಗಿಬಿಟ್ಟರಂತೆ. ದೊರೆ ಟೋಪಿ ತೆಗೆದು ನಮಸ್ಕರಿಸಿ, ಕುದುರೆ ಹತ್ತಿ ಹೊರಟುಹೋದನಂತೆ. ಮದುವೆಯಾಗಿ ಬನ್ನೂರಿನ ಮನೆ ಸೇರಿದ ಮೇಲೆ ನನ್ನ ಮಾವನವರೂ ಇದೇ ಕಥೆಯನ್ನು, ಅದೇ ಟೋಪಿಯ ಸಮೇತ ಹೇಳಿದರು. ಅಲ್ಲಿ ಮಲಗಿದ್ದವರು ಅವರ ಮುತ್ತಾತ. ದೊರೆ ಹೋದಲ್ಲೆಲ್ಲ ಟೋಪಿ ತೆಗೆದು ವಾಪಸಾಗಿದ್ದರೆ ನಮ್ಮ ಪಹಣಿಗಳಲ್ಲಿ ಇಷ್ಟೊಂದು ಸರ್ವೆ ನಂಬರುಗಳು ಎಲ್ಲಿಂದ ಬಂದವು ಎಂದು ನಾನು ವಿನಯದಿಂದಲೇ ಕೇಳಿದೆ. ಮಾವನವರು ಕಾಫಿ ಲೋಟ ಕೆಳಗಿಟ್ಟು, "ಓದಿದ ಸೊಸೆ ತಂದ್ರೆ ಕಥೆ ಹೇಳೋ ಸುಖವೂ ಹೋಯ್ತು" ಎಂದರು.

ಸರ್ಕಾರ ಅಳೆಯಲು ಬರುವುದು, ಜನ ಅದಕ್ಕೆ ತಮ್ಮದೇ ರೀತಿಯಲ್ಲಿ ಅಡ್ಡ ಬರುವುದು ಮಾತ್ರ ದಂತಕಥೆಯಲ್ಲ. ಅದು ನನ್ನ ಕಣ್ಣೆದುರಿಗೇ ನಡೆಯುತ್ತಲೇ ಇರುತ್ತದೆ. ನಾನು ನಂಜನಗೂಡಿನಲ್ಲಿದ್ದು, ದಿನವೂ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹೋಗಿ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಪ್ರಭುತ್ವ ಮತ್ತು ವ್ಯಕ್ತಿಸ್ವಾತಂತ್ರ್ಯ ಎಂಬ ಅಧ್ಯಾಯವನ್ನು ನಾನು ಕಲಿತದ್ದು ವಿಶ್ವವಿದ್ಯಾಲಯದಲ್ಲಿ. ಅದರ ಪ್ರಯೋಗಶಾಲೆ ಇರುವುದು ಹೆಮ್ಮರಗಾಲದ ಕಡೆಯ ಒಂದು ಹಳ್ಳಿಯಲ್ಲಿ, ನನ್ನ ಚಿಕ್ಕಮ್ಮನ ಮನೆಯ ಸುತ್ತಮುತ್ತ.

ಗೆರೆ

ಹಳ್ಳಿಯ ಮನೆಗಳನ್ನೆಲ್ಲ ಡ್ರೋನ್ ಹಾರಿಸಿ ಅಳೆದು, ಮಾಲೀಕರಿಗೆ ಹಕ್ಕುಪತ್ರ ಕೊಡುವುದೆಂದು ತೀರ್ಮಾನವಾಯಿತು. ಆಕಾಶದಿಂದ ಎಲ್ಲೆ ಕಾಣಬೇಕಾದರೆ ಪ್ರತಿ ಮನೆಯ ಸುತ್ತ ಸುಣ್ಣದ ಪುಡಿಯ ಗೆರೆ ಎಳೆಯಬೇಕು. ಸರ್ವೆಯರ್ ಒಂದು ಇಳಿಹೊತ್ತು ಬಂದು, ಟೇಪು ಹಿಡಿದು, ಬೆನ್ನು ಬಗ್ಗಿಸಿ ಇಡೀ ಬೀದಿಗೆ ಗೆರೆ ಎಳೆದು ಹೋದರು. ಮರುದಿನ ಬೆಳಗ್ಗೆ ಬಂದು ನೋಡಿದರೆ ಚಿಕ್ಕಮ್ಮನ ಬಾಗಿಲಿನ ಮುಂದೆ ಗೆರೆಯಿಲ್ಲ. ನೆಲಕ್ಕೆ ಸಗಣಿ ನೀರು ಬಿದ್ದಿದೆ. ಅದರ ಮೇಲೆ ಎಂಟು ದಳದ ಕಮಲ ಅರಳಿದೆ.

"ಅಮ್ಮ, ಇಲ್ಲಿದ್ದ ಗೆರೆ ಏನಾಯ್ತು?"

"ಗುಡಿಸ್ದೆ."

"ಅದು ಸರ್ಕಾರದ ಗೆರೆ ಕಣಮ್ಮ!"

"ಸರ್ಕಾರದ್ದಾದ್ರೇನಪ್ಪ, ಬಾಗ್ಲು ಮುಂದೆ ಬಿದ್ದಿದ್ದನ್ನ ಒತ್ತಾರೆ ಎದ್ದು ಗುಡಿಸದೆ ಒಲೆ ಅಚ್ಚಕ್ಕಾಯ್ತದಾ?"

ಸರ್ವೆಯರ್ ಕುಕ್ಕರಗಾಲಲ್ಲಿ ಕುಳಿತು ಕಮಲವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರಿಗೆ ಏನೋ ಅನುಮಾನ ಬಂದಿತ್ತು.

"ಈ ಪುಡಿ ಎಲ್ಲಿಂದ ತಂದ್ರಿ?"

"ನಿಂದೇ ಕಣಪ್ಪ. ನುಣ್ಣಗೈತೆ. ದಂಡ ಮಾಡಬಾರ್ದು ಅಂತ ಬಳ್ಕಂಡೆ."

ಸರ್ಕಾರ ಎಳೆದ ಎಲ್ಲೆಯನ್ನು ಅಳಿಸಿದವರ ಮೇಲೆ ಕ್ರಮ ಜರುಗಿಸಲು ಬಹುಶಃ ನಿಯಮವಿರಬಹುದು. ಅದನ್ನೇ ಕಮಲ ಮಾಡಿದವರ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ. ಸರ್ವೆಯರ್ ಕಾಫಿ ಕುಡಿದು, ಮತ್ತೆ ಗೆರೆ ಎಳೆದು ಹೋದರು. ಗಾಳಿಯ ಕಾರಣ ಡ್ರೋನ್ ಹಾರಾಟ ಮುಂದಕ್ಕೆ ಹೋಯಿತು. ಮರುದಿನ ಅದೇ ಜಾಗದಲ್ಲಿ ನವಿಲು ನಿಂತಿತ್ತು.

ಚಾವಣಿ

ತಮಾಷೆ ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಿಕ್ಕಮ್ಮನ ಮನೆಯ ಹಿಂದೆ, ಓಣಿಗೆ ತಾಗಿದಂತೆ, ಒಂದು ಬಚ್ಚಲಿದೆ. ಎದೆಯೆತ್ತರ ದಾಟಿದ ಮಣ್ಣಿನ ಗೋಡೆ, ಒಂದು ಹಂಡೆ, ಒಂದು ಚಪ್ಪಡಿ ಕಲ್ಲು. ಮೇಲೆ ಚಾವಣಿಯಿಲ್ಲ. ಅದರ ಆಚೆ ಬದಿಗೆ ದಿನಸಿ ಅಂಗಡಿಯ ಯಜಮಾನರ ಮನೆ. ಅವರ ಸಾಮಾನಿನ ಆಟೋ ಆ ಓಣಿಯಲ್ಲಿ ತಿರುಗುವುದಿಲ್ಲ. ಬಚ್ಚಲಿರುವ ಜಾಗ ಓಣಿಗೆ ಸೇರಿದ್ದು ಎಂಬುದು ಅವರ ವಾದ. ಸರ್ವೆಯರ್ ಇಬ್ಬರಿಗೂ ತಿಳಿಸಿ ಹೇಳಿದರು: ಮೇಲಿನಿಂದ ಚಾವಣಿ ಕಂಡರೆ ಕಟ್ಟಡ, ಮನೆಗೆ ಸೇರುತ್ತದೆ, ಬರೀ ಗೋಡೆ ಕಂಡರೆ ಬಯಲು, ಓಣಿಗೆ ಹೋಗುವ ಸಂಭವವೇ ಹೆಚ್ಚು.

"ಒಂದು ತಗಡು ಹೊದಿಸಿಬಿಡು ಚಿಕ್ಕಮ್ಮ, ನಾನೇ ತರಿಸುತ್ತೇನೆ" ಎಂದೆ.

"ಬ್ಯಾಡ."

"ಯಾಕೆ?"

ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಲೇ ಹೇಳಿದರು: "ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಒಳಗೆ ಅತ್ತೆ, ಮಾವ, ಮೂವರು ನಾದ್ನೀರು, ಮೈದುನ್ರು. ನಗಾಡುದ್ರೆ ಯಾಕೆ ಅನ್ನೋರು, ಅತ್ತರೆ ಯಾಕೆ ಅನ್ನೋರು. ಬಚ್ಚಲಲ್ಲಿ ಮಾತ್ರ ಯಾರೂ ಕೇಳ್ತಿರಲಿಲ್ಲ. ನೀರು ಉಯ್ಕೊಂಡು ತಲೆ ಎತ್ತುದ್ರೆ ಆಕಾಸ. ಅಳದಾದ್ರೂ ಸೈ, ಪದ ಆಡದಾದ್ರೂ ಸೈ. ಈಗ ಆ ಜನವೆಲ್ಲ ಇಲ್ಲ. ಆದ್ರೂ ತಗಡು ಆಕಂಡ್ ಮೀಯಾಕೆ ನನಗಾಗಕಿಲ್ಲ ಮಗ."

ಖಾಸಗಿತನದ ಕುರಿತು ನಾನು ಓದಿರುವ ಪ್ರಬಂಧಗಳಲ್ಲಿ ಅಡಿಟಿಪ್ಪಣಿಗಳು ಇದಕ್ಕಿಂತ ಉದ್ದವಾಗಿರುತ್ತವೆ. ನಾನೂ ಅವರೆಕಾಯಿ ಸುಲಿಯಲು ಕುಳಿತೆ. ಅಷ್ಟರಲ್ಲಿ ಜಗಲಿಯಿಂದ ಸರ್ವೆಯರ್ ಕೇಳಿದರು, "ಅಮ್ಮ, ಹಾಗಾದ್ರೆ ನಾನು ಏನಂತ ಬರ್ಕೊಳ್ಳಲಿ?"

"ಬಚ್ಚಲು ಅಂತ ಬರ್ಕಳಪ್ಪ. ಚಾವಣಿ ಆಕಾಸ ಅಂತ ಬರ್ಕೊ. ನಿನ್ ಡ್ರೋನಿಗೆ ಅಷ್ಟು ದೊಡ್ಡ ಚಾವಣಿ ಕಾಣದೇ ಓದ್ರೆ ಡಾಕ್ಟ್ರಿಗೆ ಅದ್ರ ಕಣ್ ತೋರ್ಸು."

ಕಣ್ಣು

ಡ್ರೋನ್ ಬರುವುದಕ್ಕೆ ಮೊದಲೇ ಸರ್ಕಾರ ಇನ್ನೊಂದು ದಾರಿಯಿಂದ ಊರಿನ ಮುಖ ನೋಡಲು ಬಂತು. ಬಸುರಿಯರಿಗೆ ಅಂಗನವಾಡಿಯಲ್ಲಿ ಆಹಾರ ಕೊಡುವಾಗ ಅವರ ಮುಖವನ್ನು ಫೋನಿನಲ್ಲಿ ಹಿಡಿಯಬೇಕು. ಫೋನು ಹೇಳಿದಾಗ ಅವರು ಕಣ್ಣು ಮಿಟುಕಿಸಬೇಕು. ಆ ದಿನ ಬಂದಿದ್ದವಳು ಅಂಗಡಿಯವರ ಸೊಸೆ. ಜೊತೆಗೆ ಅವಳ ಅತ್ತೆ ಇದ್ದರು. ಬೇಸರ ಕಳೆಯಲು ಚಿಕ್ಕಮ್ಮನೂ ನಾನೂ ಹೋಗಿದ್ದೆವು.

ಟೀಚರ್ ಫೋನು ಎತ್ತಿ ಹಿಡಿದು, "ಕಣ್ಣು ಮಿಟುಕ್ಸವ್ವ" ಎಂದರು. ಹುಡುಗಿ ನಾಚಿ ನೆಲ ನೋಡಿದಳು.

"ಅದೇನು ಟೀಚರಮ್ಮ," ಎಂದು ಅತ್ತೆ ಎದ್ದು ನಿಂತರು, "ಮರ್ಯಾದಸ್ಥರ ಮನೆ ಎಣ್ಣು ಫೋನಿಗೆ ಕಣ್ಣೊಡೀತಾಳಾ?"

"ಕಣ್ಣು ಹೊಡೆಯೋದಲ್ಲ ಅಮ್ಮ. ಇದು ಫೋಟೋನೋ ಜೀವಂತ ಮನುಷ್ಯರೋ ಅಂತ ಅದು ಪರೀಕ್ಷೆ ಮಾಡುತ್ತೆ."

"ಇಷ್ಟು ದಪ್ಪ ಒಟ್ಟೆ ಮುಂದೆ ಇಟ್ಕಂಡ್ ನಿಂತವ್ಳೆ. ಜೀವ ಒಂದಲ್ಲ, ಎರಡವೆ. ಇನ್ನೇನು ಪರೀಕ್ಸೆ?"

ಸೊಸೆಗೆ ನಗು ತಡೆಯಲಾಗಲಿಲ್ಲ. ತಲೆ ಎತ್ತಿ ನಕ್ಕಳು, ನಗುವಿಗೆ ಕಣ್ಣುಗಳು ಮುಚ್ಚಿ ತೆರೆದವು, ಫೋನು ಒಪ್ಪಿಕೊಂಡಿತು. ಅತ್ತೆ ಆಹಾರದ ಪೊಟ್ಟಣ ಎತ್ತಿಕೊಂಡು ಹೊರಡುತ್ತ ಹೇಳಿದರು: "ಮದ್ವೆಯಾಗಿ ಎರಡು ವರ್ಸ ಆಯ್ತು. ನನ್ ಮಗ ಕಣ್ಣೆತ್ತಿ ನೋಡೇ ಅಂತ ಬೇಡ್ಕತಾನೆ ಇವ್ನೆ. ಸರ್ಕಾರ ಪುಣ್ಯ ಮಾಡೈತೆ ಬುಡಿ."

ಬೆರಳು

ಈ ಪ್ರಸಂಗಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಾನು ತರಗತಿಯಲ್ಲಿ ಸಾಕಷ್ಟು ಗಂಭೀರವಾಗಿಯೇ ಮಾತನಾಡಿದೆ. ವ್ಯಕ್ತಿಯ ದೇಹ, ಮುಖ, ಬೆರಳಚ್ಚುಗಳ ಮೇಲೆ ಪ್ರಭುತ್ವಕ್ಕೆ ಎಷ್ಟು ಅಧಿಕಾರವಿರಬೇಕು? ಮಾಹಿತಿ ಯಾರ ಸ್ವತ್ತು? "ನಿಮ್ಮ ಜೀವನದಿಂದ ಒಂದು ಉದಾಹರಣೆ ಕೊಡಿ" ಎಂದೆ. ಬನ್ನೂರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಮೇಡಂ, ನನ್ ಫೋನಲ್ಲಿ ಐದು ಬೆರಳಿಗೆ ಜಾಗ ಇದೆ."

"ಸರಿ."

"ಅಪ್ಪಂದು ಎರಡು, ಅಣ್ಣಂದು ಎರಡು, ಅಮ್ಮಂದು ಒಂದು. ಜಾಗ ಮುಗೀತು. ಫೋನು ನಂದೇ ಮೇಡಂ, ಆದ್ರೆ ನಾನು ಮುಟ್ಟಿದ್ರೆ ಯಾರು ನೀನು ಅನ್ನುತ್ತೆ."

ತರಗತಿ ಗೊಳ್ಳೆಂದಿತು. ನಾನು ಆ ದಿನ ಪ್ರಭುತ್ವವನ್ನು ಸ್ವಲ್ಪ ಕಡಿಮೆ ಬೈದೆ. ಗಂಟೆ ಬಾರಿಸಿದ ಮೇಲೆ ಅವಳನ್ನು ಕರೆದು, ಆ ಫೋನಿನಲ್ಲಿ ಒಂದು ಬೆರಳು ತೆಗೆದು ಇನ್ನೊಂದು ಸೇರಿಸುವುದು ಹೇಗೆಂದು ತೋರಿಸಿಕೊಟ್ಟೆ. ಮರುದಿನ ಅವಳು ಬಹಳ ಖುಷಿಯಿಂದ ಬಂದು ವರದಿ ಒಪ್ಪಿಸಿದಳು: "ಅಣ್ಣನ ಒಂದು ಬೆರಳು ತೆಗೆದೆ ಮೇಡಂ. ಅವನಿಗೆ ಇನ್ನೂ ಗೊತ್ತಾಗಿಲ್ಲ. ಫೋನ್ ರಿಪೇರಿಗೆ ಬಂದಿದೆ ಅಂತ ಅಂಗಡಿಗೆ ತಗೊಂಡು ಹೋಗಿದ್ದಾನೆ."

ಕೊಡೆ

ಕೊನೆಗೂ ಗಾಳಿ ನಿಂತಿತು. ಪಂಚಾಯಿತಿಯ ಆಟೋ ಬೀದಿಬೀದಿಯಲ್ಲಿ ಸಾರಿತು: ಇಂದು ಡ್ರೋನ್ ಹಾರಾಟವಿದೆ, ಸಾರ್ವಜನಿಕರು ಸಹಕರಿಸಬೇಕು. ಚಿಕ್ಕಮ್ಮ ಆಗಲೇ ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡು, ಹಂಡೆಗೆ ಉರಿ ಹಾಕಿ ಕುಳಿತಿದ್ದರು. ಜಗಲಿಗೆ ಬಂದು ಸರ್ವೆಯರನ್ನು ಕೇಳಿದರು:

"ನಿಂದು ಎಷ್ಟೊತ್ತಿಗೆ ಬತ್ತದಪ್ಪ?"

"ಹೇಳಕ್ಕಾಗಲ್ಲ ಅಮ್ಮ. ಇವತ್ತೊಂದಿನ ಸ್ನಾನ ಮುಂದಕ್ಕೆ ಹಾಕಿ."

"ಎಣ್ಣೆ ಕಣ್ಣಿಗಿಳೀತೈತೆ. ನೀನು ಮನೆ ಅಳಿ, ಜಗ್ಲಿ ಅಳಿ, ನಾನು ಬ್ಯಾಡ ಅನ್ನಕಿಲ್ಲ. ನನ್ನ ಯಾಕೆ ನೋಡಬೇಕು?"

ಉತ್ತರ ಹಿತ್ತಿಲ ಕಡೆಯಿಂದ ಬಂತು. ಅಂಗಡಿಯವರ ಹೆಂಡತಿ ತಮ್ಮ ಅಂಗಡಿಯ ಮುಂದೆ ತರಕಾರಿಗೆ ನೆರಳು ಮಾಡುವ ಆಳೆತ್ತರದ ದೊಡ್ಡ ಕೊಡೆಯನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಂದರು. ಅವರ ಮನೆಯಲ್ಲಿ ಟೈಲ್ಸ್ ಹಾಕಿದ ಬಾತ್‌ರೂಮಿದೆ. ಆದರೂ ಎಣ್ಣೆಸ್ನಾನಕ್ಕೆ ಅವರು ಬರುವುದು ಚಿಕ್ಕಮ್ಮನ ಬಚ್ಚಲಿಗೇ. "ಇಡ್ಕೊ ಅಕ್ಕ, ಬಿರ್ನೆ!" ಎಂದರು. ಇಬ್ಬರೂ ಸೇರಿ ಕೊಡೆಯನ್ನು ಬಚ್ಚಲ ನಡುವೆ ನಿಲ್ಲಿಸಿ ಬಿಚ್ಚಿದರು. ಕೆಂಪು ಹಳದಿ ಪಟ್ಟೆಯ ಕೊಡೆ ನಾಲ್ಕೂ ಗೋಡೆಗಳ ಆಚೆಗೆ ಚಾಚಿಕೊಂಡಿತು.

ಡ್ರೋನ್ ದುಂಬಿಯಂತೆ ಗುಂಯ್‌ಗುಡುತ್ತ ಬಂತು. ಕೊಡೆಯ ಕೆಳಗಿನಿಂದ ಚಿಕ್ಕಮ್ಮನ ಧ್ವನಿ:

"ಓಯ್ತಾ?"

"ಇಲ್ಲ ಅಕ್ಕ, ನೆತ್ತಿ ಮೇಲೇ ಐತೆ!" ಎಂದು ಅಂಗಡಿಯವರ ಹೆಂಡತಿ ತಮ್ಮ ಮನೆಯ ಬಾಗಿಲೊಳಗಿನಿಂದಲೇ ಇಣುಕಿ ಕೂಗಿದರು.

"ಅಂಗಾರೆ ಇನ್ನೊಂದ್ ಚೊಂಬು ಉಯ್ಕತೀನಿ."

ಅತ್ತ ಅಂಗಡಿಯಲ್ಲಿ ಕೊತ್ತಂಬರಿ ಬಾಡುತ್ತಿತ್ತು. ಯಜಮಾನರು ಕೊಡೆ ಹುಡುಕಿಕೊಂಡು ಮನೆಗೆ ಬಂದು, "ಕೊಡೆ ಎಲ್ಲೇ?" ಎಂದರೆ, "ಸರ್ಕಾರದ ಕೆಲಸಕ್ಕೆ ಕೊಟ್ಟಿವ್ನಿ" ಎಂದು ಹೆಂಡತಿ ಉತ್ತರಿಸಿದರು. ಅವರು ಗೊಣಗುತ್ತ ಓಣಿಯ ಕಡೆ ಹೋದರು.

ಇಷ್ಟು ಸಾಲದೆ? ಊರಿಗೆ ಸಾಲಲಿಲ್ಲ. ಒಂದೇ ವಾರದಲ್ಲಿ ಕಥೆ ಬೆಳೆಯಿತು. ಸರ್ಕಾರದ ಫೋಟೋದಲ್ಲಿ ಕೊಡೆಯಾಚೆ ಚಿಕ್ಕಮ್ಮನ ಕೈಯೂ ಚೊಂಬೂ ಕಾಣುತ್ತವೆಯಂತೆ; ಬಿಳಿಗೆರೆ ಸಂತೆಯಿಂದ ಬಂದವರ ಪ್ರಕಾರ, ಅರ್ಧ ಚಿಕ್ಕಮ್ಮನೇ ಕಾಣುತ್ತಾರಂತೆ. ಚಿಕ್ಕಮ್ಮ ಎಲ್ಲರೆದುರು ನಕ್ಕರು. ಆದರೆ ಮುಂದಿನ ಸಲ ನಾನು ಹೋದಾಗ ಅವರು ಬಚ್ಚಲಲ್ಲಿ ಹಾಡುತ್ತಿರಲಿಲ್ಲ. ಮೈಮೇಲೆ ಸೀರೆ ಸುತ್ತಿಕೊಂಡೇ ಎರಡು ಚೊಂಬು ಸುರಿದುಕೊಂಡು ಬಂದುಬಿಟ್ಟರು. ತಲೆ ಒರೆಸಿಕೊಳ್ಳುತ್ತ, ಬೇರೆಲ್ಲೋ ನೋಡುತ್ತ ಹೇಳಿದರು: "ನೀನು ಓದ್ದೋಳು. ಒಂದ್ಸಲ ಆಫೀಸಿಗೆ ಓಗಿ ನೋಡ್ಕಂಡ್ ಬಾ ಮಗ. ಬಚ್ಚಲು ಓದ್ರೆ ಓಗ್ಲಿ. ನಾನು ಕಂಡಿದ್ದೀನಾ ಅಂತ ನೋಡು."

ನಾನು ಅರ್ಧ ದಿನ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದೆ. ಅದೇ ಸರ್ವೆಯರ್ ಇದ್ದರು. ಕಂಪ್ಯೂಟರಿನಲ್ಲಿ ಚಿಕ್ಕಮ್ಮನ ಬೀದಿಯನ್ನು ತೆರೆದರು. ಚಿಕ್ಕಮ್ಮನ ಮನೆ, ಜಗಲಿ, ಹಿಂದೆ ಕೆಂಪು ಹಳದಿ ಎಂಟು ಮೂಲೆಯ ಒಂದು ಆಕಾರ. ಅದರ ಸುತ್ತ ಶಿಸ್ತಾಗಿ ಎಳೆದ ಗೆರೆ, ಮನೆಯ ಗೆರೆಗೆ ಸೇರಿಕೊಂಡಿತ್ತು.

"ನಕ್ಷೆ ಮಾಡೋರು ಬೇರೆಲ್ಲೋ ಕೂತಿರ್ತಾರೆ ಮೇಡಂ. ಮೇಲಿಂದ ಕಂಡಿದ್ದೇ ಅವರಿಗೆ ಚಾವಣಿ. ಬಚ್ಚಲು ಅಮ್ಮಂಗೇ ಸೇರಿದೆ."

"ಅಂಗಡಿಯವರು ತಕರಾರು ಹಾಕಲಿಲ್ಲವೆ?"

ಸರ್ವೆಯರ್ ಸುತ್ತ ನೋಡಿ, ಧ್ವನಿ ತಗ್ಗಿಸಿದರು. "ಹಾಕೋಕೆ ಬಂದಿದ್ರು. ಇದು ಚಾವಣಿ ಅಲ್ಲ, ನಮ್ಮ ಕೊಡೆ, ದೊಡ್ಡದು ಮಾಡಿ ನೋಡಿ ಸಾ ಅಂದ್ರು. ದೊಡ್ಡದು ಮಾಡ್ದೆ. ಆಮೇಲೆ ಸಣ್ಣದು ಮಾಡಿ ಸಾ ಅಂದ್ರು. ಎದ್ದು ಹೊರಟೇ ಹೋದ್ರು."

ಕೇಳಿದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ದೊಡ್ಡದು ಮಾಡಿ ಎಂದೆ. ಕೊಡೆಯ ಎಂಟೂ ಅಂಚುಗಳನ್ನು ಒಂದೊಂದಾಗಿ ನೋಡಿದೆ. ಚಿಕ್ಕಮ್ಮ ಇರಲಿಲ್ಲ, ಕೈಯಿಲ್ಲ, ಚೊಂಬಿಲ್ಲ, ಒಂದು ಬೆರಳೂ ಇಲ್ಲ. ಅಂದು ಬೆಳಗ್ಗೆ ಆ ಇಡೀ ಓಣಿಯಲ್ಲಿ ಸರ್ಕಾರದ ಕಣ್ಣಿಗೆ ಬಿದ್ದ ಮನುಷ್ಯರು ಒಬ್ಬರೇ. ಬಚ್ಚಲಿನಿಂದ ತುಸು ದೂರದಲ್ಲಿ, ಬೋಳು ನೆತ್ತಿ ಬಿಸಿಲಿಗೆ ಹೊಳೆಯುತ್ತ, ಪಂಚೆ ಎತ್ತಿಕೊಂಡು, ಗೋಡೆಗೆ ಮುಖ ಮಾಡಿ ನಿಶ್ಚಿಂತೆಯಿಂದ ನಿಂತಿದ್ದವರು ಅಂಗಡಿ ಯಜಮಾನರು. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದ್ದೇನೆ.